ಬೆಟ್ಟಕ್ಕೆ ಹೊತ್ತ ರಾಗಿ

"ಗುರುಗಳೇ, ನಾಳೆ ಕಾಡುಬೆಟ್ಟ ನೋಡಲು ಹೊರಟಿದ್ದೇನೆ. ಅಷ್ಟು ದೊಡ್ಡ ಬೆಟ್ಟಕ್ಕೆ ನನ್ನ ಕಡೆಯಿಂದ ಏನು ಬಿಟ್ಟು ಬರಲಿ?" ಎಂದು ಮರುಳಯ್ಯ ಎಂಬ ಶಿಷ್ಯ ಕೇಳಿದ.

ಅವನ ಉತ್ಸಾಹ ಕಂಡು ಗುರುಗಳಿಗೆ ನಗು ಬಂತು. "ಕುಳಿತುಕೋ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಅವನ ಹೆಂಡತಿ ಜ್ವರದಿಂದ ಮಲಗಿದಳು. ಯಾವ ಔಷಧಿಯೂ ಹಿಡಿಯದೆ ಹೋದಾಗ ರೈತ ಬೆಟ್ಟದ ಕಡೆ ಕೈಮುಗಿದ. ಅವನ ಹೊಲಕ್ಕೆ ನೀರು ಬರುತ್ತಿದ್ದುದು ಆ ಬೆಟ್ಟದಿಂದಲೇ. "ಇವಳು ಎದ್ದು ಕೂತರೆ ಹೊಸ ರಾಗಿಯನ್ನು ನಿನ್ನ ನೆತ್ತಿಯ ಮೇಲೆ ಚೆಲ್ಲುತ್ತೇನೆ, ಹಕ್ಕಿಪಕ್ಕಿ ತಿನ್ನಲಿ" ಎಂದು ಹರಕೆ ಹೊತ್ತ. ಹೆಂಡತಿ ಎದ್ದು ಕೂತಳು. ಕೂತದ್ದಷ್ಟೇ ಅಲ್ಲ, ಗಂಡನನ್ನು ಗದರಿಸುವಷ್ಟು ಚೇತರಿಸಿಕೊಂಡಳು.

ಸುಗ್ಗಿ ಮುಗಿಯಿತು. ರೈತ ಒಳ್ಳೆಯ ರಾಗಿಯನ್ನೇ ಕೇರಿ, ಚೀಲಕ್ಕೆ ತುಂಬಿ ಹೊರಟ. ಬೆಟ್ಟ ಇದ್ದದ್ದು ಸರ್ಕಾರ ಕಾಯ್ದಿಟ್ಟ ಕಾಡಿನೊಳಗೆ. ಬುಡದ ಗೇಟಿನಲ್ಲಿ ಕಾವಲಿನ ಹೆಂಗಸು ತಡೆದಳು.

"ಬುತ್ತಿ ತಗೊಂಡು ಹೋಗಿ ಯಜಮಾನ್ರೆ. ಬಿತ್ತೋ ಕಾಳು ಮಾತ್ರ ಮೇಲಕ್ಕೆ ಬಿಡಂಗಿಲ್ಲ."

"ಹೆಂಡ್ತಿ ಉಳಿದಿದ್ದಕ್ಕೆ ಹೊತ್ತ ಹರಕೆ ಕಣವ್ವ. ಹಕ್ಕಿ ಹೊಟ್ಟೆ ತುಂಬ್ಸೋಕೂ ಕಾಯಿದೆನಾ?"

"ಹಕ್ಕಿ ಎಲ್ಲಾನೂ ತಿನ್ನಲ್ವಲ್ಲ. ಉಳಿದಿದ್ದು ಮೊಳೀತದೆ."

"ಮೊಳೀಲಿ ಬಿಡು. ರಾಗಿ ತಾನೆ, ವಿಷವಾ?"

ಅವಳು ಚೀಲವಿಡಲು ಮೂಲೆ ತೋರಿಸಿದಳು. ರೈತ ಇಟ್ಟ. ಆದರೆ ಹರಕೆ ತಪ್ಪಿದರೆ ಹೆಂಡತಿಗೆ ಜ್ವರ ಮರಳಿ ಬಂದೀತೆಂಬ ಹೆದರಿಕೆ ಅವನನ್ನು ಬಿಡಲಿಲ್ಲ. ಕಾವಲಿನವಳು ಆಚೆ ತಿರುಗಿದಾಗ ಒಂದಷ್ಟು ರಾಗಿಯನ್ನು ಸೊಂಟದ ಗಂಟಿಗೆ ಸೇರಿಸಿದ. ದೇವರ ಕೆಲಸಕ್ಕೆ ಮಾಡಿದ ಕಳ್ಳತನ ಲೆಕ್ಕಕ್ಕಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡ.

ನೆತ್ತಿಯ ಮೇಲೆ ಹುಲ್ಲಿನ ಬಯಲು. ಹಕ್ಕಿಗಳು ಹುಲ್ಲಿನ ತೆನೆ ಕುಕ್ಕುತ್ತಿದ್ದವು. ರೈತ ಗಂಟು ಬಿಚ್ಚಿದ. ಆಗ ಕಾಲ ಬಳಿ, ಹುಲ್ಲಿನ ನಡುವೆ, ಒಂದು ರಾಗಿಯ ಪೈರು ಕಂಡಿತು. ಅವನಂಥವನೇ ಯಾರೋ ಮೊದಲು ಬಂದು ಹೋಗಿದ್ದ. ಪರವೂರಿನಲ್ಲಿ ನೆಂಟ ಸಿಕ್ಕಷ್ಟು ಸಂತೋಷವಾಯಿತು. ಸುತ್ತಲಿನ ಹುಲ್ಲು ಕಿತ್ತು ಅದಕ್ಕೆ ಜಾಗ ಮಾಡಿಕೊಡಲು ಕೈ ತಾನಾಗಿಯೇ ಮುಂದೆ ಹೋಯಿತು. ಹುಲ್ಲಿನ ಬುಡ ಹಿಡಿದ ಮೇಲೆ ಆ ಕೈ ನಿಂತಿತು. ಇದು ಹುಲ್ಲಿನ ಹೊಲ. ಹುಲ್ಲಿನ ಹೊಲದಲ್ಲಿ ಕಳೆ ಯಾವುದು?

ಬುದ್ಧಿ ಬಂದಾಗಿನಿಂದ ಕಳೆ ಕಿತ್ತವನಿಗೆ ಅದನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ. ಹುಲ್ಲನ್ನು ಬಿಟ್ಟು ರಾಗಿಯ ಪೈರನ್ನು ಬೇರುಸಹಿತ ಕಿತ್ತ. ರಾಗಿಯನ್ನು ಕಳೆಯೆಂದು ಕಿತ್ತದ್ದು ಜನ್ಮದಲ್ಲಿ ಅದೇ ಮೊದಲು. ಕಣ್ಣು ತುಂಬಿ ಬಂತು. ಗಂಟನ್ನು ಬಿಗಿಯಾಗಿ ಕಟ್ಟಿಕೊಂಡು, ಬೆಟ್ಟಕ್ಕೆ ಕೈಮುಗಿದು ಇಳಿದ.

ಗೇಟಿನಲ್ಲಿ ಆ ಪೈರನ್ನೂ ಸೊಂಟದ ಗಂಟನ್ನೂ ಕಾವಲಿನವಳಿಗೆ ತೋರಿಸಿದ. ಅವಳು ಚೀಲವನ್ನು ಅವನ ಹೆಗಲಿಗೆ ಎತ್ತಿಕೊಟ್ಟಳು.

ಮನೆಗೆ ಬಂದವನೇ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಹೇಳುತ್ತಲೇ ಅವಳ ಹಣೆ ಮುಟ್ಟಿ ನೋಡಿದ. ತಣ್ಣಗಿತ್ತು. "ಕೈ ತೆಗೀರಿ, ರಾಗಿ ಬೀಸ್ಬೇಕು" ಎಂದು ಅವಳು ಎದ್ದಳು. ಹರಕೆಯ ರಾಗಿಯನ್ನೇ ಬೀಸಿ ಮುದ್ದೆ ಕಟ್ಟಿದಳು. ಇಬ್ಬರೂ ಹೊಟ್ಟೆ ತುಂಬ ಉಂಡರು. ಜ್ವರ ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ.

ಕತೆ ಮುಗಿದರೂ ಮರುಳಯ್ಯನಿಗೆ ಸಮಾಧಾನವಾಗಲಿಲ್ಲ.

"ಒಯ್ದದ್ದನ್ನೆಲ್ಲ ವಾಪಸು ತಂದನಲ್ಲ, ಗುರುಗಳೇ. ಹಾಗಾದರೆ ಅವನು ಬೆಟ್ಟಕ್ಕೆ ಬಿಟ್ಟು ಬಂದದ್ದಾದರೂ ಏನು?"

"ಬೆಟ್ಟಕ್ಕೆ ಬೆಟ್ಟವನ್ನೇ ಬಿಟ್ಟು ಬಂದ" ಎಂದರು ಗುರುಗಳು.