ಬೆಚ್ಚಗಿದ್ದ ರಾಗಿ

"ಅಜ್ಜಿ, ಗೋದಲಿ ಸಿಂಗಾರ ಮಾಡೋದು ಬಾಲ ಯೇಸುಗೆ ತಾನೆ? ಅದಕ್ಕೂ ನಾನು ನನ್ನ ವಾರಗಿತ್ತಿನ ಮಾತಾಡಿಸೋದಕ್ಕೂ ಏನು ಸಂಬಂಧ?"

ಕೇಳಿದವಳು ರೋಸಲಿ. ಮದುವೆಯಾಗಿ ಈ ಊರಿಗೆ ಬಂದು ಎರಡು ವರ್ಷ. ಮುಂದೆ ಮಕ್ಕಳಿಗೆ ಹೇಳಿಕೊಡಬೇಕು ಅಂತ ಸಿಸಿಲಜ್ಜಿ ಹತ್ರ ಜ್ಞಾನೋಪದೇಶ ಕಲೀತಿದ್ಲು. ನಕ್ಷತ್ರ ಅಂದ್ರೆ ದಾರಿ, ಮೇಣದಬತ್ತಿ ಅಂದ್ರೆ ಬೆಳಕು, ರಾಗಿ ಪೈರು ಅಂದ್ರೆ ಒಣಮಣ್ಣಿಗೆ ಬಂದ ಜೀವ, ಎಲ್ಲಾ ಬಾಯಿಪಾಠ. ವಾರಗಿತ್ತಿ ಜೊತೆ ಮಾತ್ರ ಮೂರು ತಿಂಗಳಿಂದ ಮಾತಿಲ್ಲ. ಹಬ್ಬಕ್ಕೆ ಮುಂಚೆ ಅವಳನ್ನ ಮಾತಾಡಿಸು ಅಂತ ಅಜ್ಜಿ ಅಂದಿದ್ದಕ್ಕೇ ಈ ಪ್ರಶ್ನೆ.

ಅವತ್ತು ಕ್ರಿಸ್ಮಸ್ಸಿಗೆ ಇನ್ನೆರಡು ದಿನ. ಕೇರಿಯವರು ತಂದುಕೊಟ್ಟ ಪೈರಿನ ತಟ್ಟೆಗಳನ್ನ ಚರ್ಚಲ್ಲಿ ಯೇಸು ಹುಟ್ಟಿದ ಕೊಟ್ಟಿಗೆ ಥರ ಕಟ್ಟಿದ್ದ ಗೋದಲಿ ಸುತ್ತ ಜೋಡಿಸೋ ಕೆಲಸ ಅವಳದ್ದು. ತನ್ನ ತಟ್ಟೇನ ಈ ತುದಿಗಿಟ್ಲು, ವಾರಗಿತ್ತಿ ತಟ್ಟೇನ ಆ ತುದಿಗಿಟ್ಲು. ಮಧ್ಯದಲ್ಲಿ ಒಂದು ತಟ್ಟೆ ಬರೀ ಮಣ್ಣು, ಒಂದು ಮೊಳಕೆ ಇಲ್ಲ. ಯಾರ ಮನೆ ದರಿದ್ರವೋ ಅಂತ ಅದನ್ನ ಆಚೆ ಚೆಲ್ಲೋಕೆ ಎತ್ಕೊಂಡ್ಲು.

"ಅದು ಅಲ್ಲೇ ಇರಲಿ, ಕೂತ್ಕೊ," ಅಂದ್ರು ಅಜ್ಜಿ. ಆಮೇಲೆ ಈ ಕತೆ ಹೇಳಿದ್ರು.

ಒಂದು ಕೇರಿ. ಆ ಕೇರೀಲಿ ಒಬ್ಬಳಿದ್ಲು. ಹೆಸರು ಬೇಡ, ಜೋರುಬಾಯಿ ಅಂತಿಟ್ಕೊ. ಯಾರ ಮನೆ ಸಾರಿಗೆ ಉಪ್ಪು ಜಾಸ್ತಿ, ಯಾರ ಗಂಡ ಯಾವ ಸಂದಿ ಸುತ್ಕೊಂಡು ಮನೆಗೆ ಬರ್ತಾನೆ, ಎಲ್ಲಾ ಅವಳಿಗೆ ಗೊತ್ತು. ನಲ್ಲಿ ಹತ್ರ ಅವಳ ಬಿಂದಿಗೆ ತುಂಬೋಷ್ಟರಲ್ಲಿ ನಾಲ್ಕು ಮನೆ ಮಾನ ಖಾಲಿ ಆಗಿರೋದು.

ಪಕ್ಕದ ಮನೆಯವಳು ಲೂರ್ದಮ್ಮ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಜೋರುಬಾಯಿನ ಅಕ್ಕ ಅಕ್ಕ ಅಂತ ಸುತ್ತೋಳು.

ಒಂದು ಕ್ರಿಸ್ಮಸ್ಸಿನ ಮಾರನೇ ದಿನ ಲೂರ್ದಮ್ಮ ನಲ್ಲಿ ಹತ್ರ ತಮಾಷೆಗೆ ಅಂದ್ಲು, ಅಕ್ಕ ಕಳಿಸಿದ ಕಜ್ಜಾಯ ಕಡಿಯೋಕೆ ಹೋಗಿ ನಮ್ಮನೆಯವರ ಹಲ್ಲು ಅಲ್ಲಾಡಿಬಿಡ್ತು ಅಂತ. ಆರು ಜನ ಹೆಂಗಸರು ನಕ್ಕರು. ಊರನ್ನೆಲ್ಲಾ ಆಡ್ಕೊಳ್ಳೋಳಿಗೆ ತನ್ನನ್ನ ಆಡ್ಕೊಂಡ್ರೆ ತಡಕೊಳ್ಳೋಕಾಗುತ್ತಾ? ಅವತ್ತಿಂದ ಮಾತು ಬಿಟ್ಲು. ಮಧ್ಯ ಇರೋದು ಒಂದೇ ಗೋಡೆ. ಈ ಮನೆ ಒಗ್ಗರಣೆಗೆ ಆ ಮನೇಲಿ ಸೀನು ಬರೋದು. ಮಾತು ಮಾತ್ರ ಹನ್ನೊಂದು ತಿಂಗಳು ಬರಲಿಲ್ಲ.

ಆ ಕೇರೀಲಿ ಒಂದು ಪದ್ಧತಿ ಇತ್ತು. ಗೋದಲಿಗೆ ಇಡೋ ಪೈರಿಗೆ ತನ್ನ ಮನೆ ರಾಗಿ ಬಿತ್ತೋ ಹಂಗಿಲ್ಲ. ಪಕ್ಕದ ಮನೇಲಿ ಒಂದು ಹಿಡಿ ಈಸ್ಕೊಂಡು ಬಂದು ಬಿತ್ತಬೇಕು. ಕೇಳೋಕೆ ಬಂದವರಿಗೆ ಇಲ್ಲ ಅನ್ನಬಾರದು. ಮಾತು ಬಿಟ್ಟೋರು ವರ್ಷಕ್ಕೊಂದ್ಸಲ ಆದ್ರೂ ಬಾಯಿ ಬಿಡಲಿ ಅಂತ ಹಿರೀಕರು ಮಾಡಿಟ್ಟಿದ್ದು.

ಲೂರ್ದಮ್ಮ ಬಂದ್ಲು. ಹೊಸ್ತಿಲಾಚೆ ನಿಂತ್ಕೊಂಡು, "ಅಕ್ಕ, ಹಬ್ಬ ಬಂತು. ನನ್ನ ಬಾಯಿಗೆ ಮಣ್ಣು ಹಾಕ, ಏನೋ ಅಂದ್ಬಿಟ್ಟೆ. ಒಂದು ಹಿಡಿ ರಾಗಿ ಕೊಡು," ಅಂದ್ಲು.

ಜೋರುಬಾಯಿಗೆ ಒಳಗೆ ಏನೋ ಕರಗ್ತು, ಸುಳ್ಳಲ್ಲ. ಆದ್ರೆ ನಲ್ಲಿ ಹತ್ರದ ಆ ನಗು ಕಿವೀಲಿ ಹಂಗೇ ಇತ್ತು. ಇಷ್ಟು ಸುಲಭಕ್ಕೆ ಬಿಟ್ಟುಬಿಡೋದಾ ಅಂದ್ಕೊಂಡ್ಲು. ಅಡುಗೆಮನೆಗೆ ಹೋಗಿ ಒಂದು ಹಿಡಿ ರಾಗೀನ ಬಾಣಲೆಗೆ ಹಾಕಿ ಒಲೆ ಮೇಲಿಟ್ಲು. ಅರಳೋಷ್ಟು ಹುರೀಲಿಲ್ಲ. ಬಣ್ಣ ಹಂಗೇ ಇರಬೇಕು, ಜೀವ ಹೋಗಬೇಕು, ಅಷ್ಟು. ಮೊರದಲ್ಲಿ ಹರಡಿದ್ಲು. ಪೂರ್ತಿ ತಣ್ಣಗಾಗೋವರೆಗೆ ಕಾಯೋ ತಾಳ್ಮೆ ಇರಲಿಲ್ಲ.

"ತಡ ಆಯ್ತಲ್ಲಕ್ಕ," ಅಂದ್ಲು ಲೂರ್ದಮ್ಮ, ಬೊಗಸೆ ಒಡ್ಡಿ.

"ಕಲ್ಲು ತೆಗೀತಿದ್ದೆ. ನಿಮ್ಮನೆಯವರ ಹಲ್ಲು ಮೊದಲೇ ಗಟ್ಟಿಯಿಲ್ಲ."

ಲೂರ್ದಮ್ಮ ನಕ್ಕಳು. ರಾಗಿ ಬೊಗಸೆಗೆ ಬಿತ್ತು. ಒಂದು ಗಳಿಗೆ ಅದನ್ನೇ ನೋಡ್ತಾ ನಿಂತ್ಲು. ಆಮೇಲೆ ಸೆರಗಿಗೆ ಸುರ್ಕೊಂಡು ಹೋದ್ಲು.

ಹತ್ತು ದಿನ ನೀರು ಹಾಕಿದ್ಲು. ಜೋರುಬಾಯಿ ಹಿತ್ತಿಲ ಗೋಡೆ ಮೇಲಿಂದ ದಿನಾ ಇಣುಕಿ ನೋಡೋಳು. ಕೇರಿ ತಟ್ಟೆಯೆಲ್ಲಾ ಹಸಿರಾಯ್ತು, ಲೂರ್ದಮ್ಮಂದು ಮಣ್ಣಾಗೇ ಉಳೀತು. ಹಬ್ಬದ ಹಿಂದಿನ ದಿನ ಅವಳು ಆ ಬರೀ ತಟ್ಟೇನೇ ತಂದು ಎಲ್ಲರ ಮುಂದೆ ಗೋದಲಿ ಹತ್ರ ಇಟ್ಲು.

ಗುಂಪಲ್ಲಿ ಯಾರೋ ಒಬ್ಬಳು ಅಂದ್ಲು, "ಬಂಜೆ ಕೈ. ರಾಗೀನೂ ಹುಟ್ಟಲ್ಲ."

ನಗಬೇಕು ಅಂತಾನೇ ಬಂದಿದ್ಲು ಜೋರುಬಾಯಿ. ನಗು ಬರಲಿಲ್ಲ. ಹುರಿದು ಕೊಟ್ಟವಳು ನಾನು ಅಂತ ಒಂದು ಮಾತು ಆಡಿದ್ರೆ ಆ ಹೆಣ್ಣಿನ ಮಾನ ಉಳೀತಿತ್ತು. ಊರ ಮಾತೆಲ್ಲಾ ಆಡೋ ಬಾಯಿ, ಆ ಒಂದು ಮಾತಿಗೆ ತೆರ್ಕೊಳ್ಳಲಿಲ್ಲ. ಲೂರ್ದಮ್ಮ ಯಾರ ಮುಖಾನೂ ನೋಡಲಿಲ್ಲ. ತಟ್ಟೆಗೆ ಇನ್ನೊಂಚೂರು ನೀರು ಚಿಮುಕಿಸಿ ಮನೆಗೆ ಹೋದ್ಲು.

ಹಬ್ಬ ಕಳೀಲಿ, ಹೋಗಿ ಹೇಳ್ತೀನಿ ಅಂದ್ಕೊಂಡ್ಲು ಜೋರುಬಾಯಿ. ಹೊಸ ವರ್ಷ ಕಳೀಲಿ ಅಂದ್ಕೊಂಡ್ಲು. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬರಲಿ, ಪಾದ್ರಿ ಹತ್ರ ಪಾಪನಿವೇದನೆಗೆ ಹೆಂಗೂ ಹೋಗಬೇಕಲ್ಲ, ಆವಾಗ ಅವಳಿಗೂ ಹೇಳಿದ್ರಾಯ್ತು ಅಂದ್ಕೊಂಡ್ಲು. ತಪಸ್ಸು ಕಾಲದ ಎರಡನೇ ವಾರ ಲೂರ್ದಮ್ಮಂಗೆ ಕಾಮಾಲೆ ಬಂತು. ಒಂಬತ್ತೇ ದಿನ, ಹೋಗಿಬಿಟ್ಲು.

ಮಣ್ಣು ಮಾಡಿ ಬಂದ ಮೇಲೆ ಜೋರುಬಾಯಿ ಆ ಮನೆಗೆ ಅನ್ನ ಸಾರು ತಗೊಂಡು ಹೋದ್ಲು. ಲೂರ್ದಮ್ಮನ ಗಂಡ ಜಗಲಿ ಮೇಲೆ ಕೂತಿದ್ದ. ಅವನೇ ಮಾತು ತೆಗೆದ.

"ಅವಳಿಗೆ ಗೊತ್ತಿತ್ತಕ್ಕ. ಅವತ್ತು ನಿಮ್ಮನೆಯಿಂದ ಬಂದವಳೇ ಅಂದ್ಲು, ಅಕ್ಕ ಕೊಟ್ಟ ರಾಗಿ ಬೆಚ್ಚಗಿದೆ ಕಣ್ರೀ, ಪಾಪ ಇನ್ನೂ ಕೋಪ ಇಳಿದಿಲ್ಲ, ಬರೋ ವರ್ಷ ಮತ್ತೆ ಹೋಗಿ ಕೇಳ್ತೀನಿ ಅಂತ. ಕೇರೀಲಿ ಯಾರಿಗೂ ಹೇಳಬೇಡಿ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ಲು."

ಜೋರುಬಾಯಿ ಅನ್ನದ ಪಾತ್ರೆ ಕೆಳಗಿಟ್ಲು. ಹುರಿದಿದ್ದು ನಾನೇ ಅಂತ ಈಗ ಹೇಳಬಹುದಿತ್ತು. ಆದ್ರೆ ಕೇಳಬೇಕಾದವಳು ಮಣ್ಣಲ್ಲಿದ್ಲು.

ಅಜ್ಜಿ ಅಷ್ಟಕ್ಕೇ ಕತೆ ನಿಲ್ಲಿಸಿದ್ರು. ರೋಸಲಿ ಸೆರಗಲ್ಲಿ ಕಣ್ಣು ಒರೆಸ್ಕೊಂಡು, ಆ ಹೆಂಗಸು ಆಮೇಲೆ ಏನಾದ್ಲು ಅಂತ ಕೇಳಿದ್ಲು.

ಅಜ್ಜಿ ಪಕ್ಕದಲ್ಲಿದ್ದ ಚೊಂಬು ಎತ್ಕೊಂಡು ಆ ಬರೀ ಮಣ್ಣಿನ ತಟ್ಟೆಗೆ ನೀರು ಚಿಮುಕಿಸಿದ್ರು.

"ಹುರಿಯೋಕೆ ಮುಂಚೆ ಹೋಗಿ ಮಾತಾಡಿಸು ಮಗಳೇ, ಹುರಿದ ರಾಗಿಗೆ ನಾನು ಮೂವತ್ತೊಂದು ವರ್ಷದಿಂದ ನೀರು ಹಾಕ್ತಾ ಇದೀನಿ."