ಪಿಕಳಾರ ಕುಡಿದು ಹಾಡಿದ ಹಾಡು

ಇಪ್ಪೆ ಮರಗಳ ಒಂದು ಕಾಡಿನಲ್ಲಿ ಪಿಕಳಾರ ಹಕ್ಕಿಯೊಂದಿತ್ತು. ಪ್ರತಿ ವರ್ಷ ಯುಗಾದಿಯ ಬೆಳಿಗ್ಗೆ ಅದು ಹೊಸ ಹಾಡು ಕಟ್ಟಿ ಹಾಡುತ್ತಿತ್ತು. ಆ ವರ್ಷ ಹಬ್ಬ ಹತ್ತಿರ ಬಂದರೂ ಒಂದು ಸಾಲೂ ಹುಟ್ಟಲಿಲ್ಲ.

ಇದು ನರಿಗೆ ತಿಳಿಯಿತು. ಹಕ್ಕಿ ಕುಡಿದು ತೂರಾಡಿ ಕೊಂಬೆಯಿಂದ ಬಿದ್ದರೆ ತನಗೆ ಊಟವಾಯಿತು ಎಂದುಕೊಂಡಿತು. ಬಂಡೆಯ ಗುಳಿಯೊಂದರಲ್ಲಿ ಇಪ್ಪೆ ಹೂವು ಕೊಳೆತು, ನೀರು ಹುಳಿಯಾಗಿ ಹೆಂಡವಾಗಿತ್ತು. ನರಿ ಪಿಕಳಾರವನ್ನು ಅಲ್ಲಿಗೆ ಕರೆತಂದಿತು.

"ವಿದ್ವಾಂಸರೇ, ಇದನ್ನು ಕುಡಿಯಿರಿ. ದೊಡ್ಡ ಗಾಯಕರೆಲ್ಲ ಇದರ ಅಮಲಿನಲ್ಲೇ ಹಾಡು ಕಟ್ಟಿದ್ದು."

"ಯಾರು ಹೇಳಿದ್ದು?"

"ಯಾರು ಹೇಳಬೇಕು? ಕುಡಿಯದವರ ಹೆಸರು ಯಾರಿಗಾದರೂ ನೆನಪಿದೆಯೇ?"

ಪಿಕಳಾರ ಕುಡಿಯಿತು. ಇಂಥ ಹಾಡು ಹಿಂದೆಂದೂ ಹೊಳೆದಿಲ್ಲ ಎನಿಸಿತು. ಯುಗಾದಿಯ ದಿನ ಮತ್ತೆ ಕುಡಿದು ಸಭೆಯ ಮುಂದೆ ಹಾಡಿತು. ಎದುರಿಗೆ ಅದರ ಗುರು, ಮುದಿ ಕಾಜಾಣವೂ ಕುಳಿತಿತ್ತು. ಹಕ್ಕಿಗಳೆಲ್ಲ ಮಾತಿಲ್ಲದೆ ಹಾರಿಹೋದವು. ಮೆಚ್ಚಿ ಮೂಕವಾಗಿವೆ ಎಂದುಕೊಂಡಿತು ಪಿಕಳಾರ.

ಮರುದಿನ ಅದು ಗೊರವಂಕಜ್ಜಿಯ ಬಳಿಗೆ ಹೋಯಿತು. ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸುವುದು ಆ ಅಜ್ಜಿಯ ವಿದ್ಯೆ.

"ಅಜ್ಜೀ, ನಿನ್ನೆಯ ಹಾಡು ಮರೆತೇ ಹೋಗಿದೆ. ಸ್ವಲ್ಪ ಹೇಳಿಕೊಡಿ."

"ಬೇಡ ಮಗಾ."

"ಹೇಳಿ ಅಜ್ಜೀ, ದಮ್ಮಯ್ಯ."

ಅಜ್ಜಿ ಒಪ್ಪಿಸಿತು. ಎರಡೇ ಸ್ವರ, ಅವೇ ಮತ್ತೆ ಮತ್ತೆ. ನಡುವೆ ಬಿಕ್ಕಳಿಕೆ. ಆಮೇಲೆ, "ಈ ಮುದಿ ಕಾಜಾಣ ನನಗೆ ಕಲಿಸಿದ್ದೇನು, ಮಣ್ಣು!" ಎಂದು ಗಹಗಹಿಸಿದ ನಗು.

"ಅಯ್ಯೋ, ಇದು ನಾನಲ್ಲ!"

"ಬಿಕ್ಕಳಿಕೆಯನ್ನೂ ನಾನು ಸೇರಿಸಿಲ್ಲ ಮಗಾ. ಹೋದ ವರ್ಷದ್ದು ಹೇಳಲೇ?"

ಅಜ್ಜಿ ಅದನ್ನೂ ಹಾಡಿತು. ಪಿಕಳಾರ ರೆಕ್ಕೆಯೊಳಗೆ ಮುಖ ಹುದುಗಿಸಿತು.

ಅಷ್ಟರಲ್ಲಿ ನರಿ ಬಂತು. "ಇನ್ನೊಂದು ಗುಟುಕು ಹಾಕಿ ವಿದ್ವಾಂಸರೇ, ನಾಚಿಕೆ ಓಡಿಹೋಗುತ್ತದೆ."

"ಅಷ್ಟು ಒಳ್ಳೆಯದಾದರೆ ನೀನೇ ಕುಡಿದು ಒಂದು ಹಾಡು ಹೇಳು ನರಿಯಣ್ಣ, ಕೇಳೋಣ."

ನಂಬಿಸಬೇಕಲ್ಲ! ನರಿ ಬಂಡೆಯ ಗುಳಿಗೆ ಬಾಯಿಟ್ಟು ಹೊಟ್ಟೆ ತುಂಬ ಕುಡಿಯಿತು. ತನ್ನ ದನಿ ನಿಜಕ್ಕೂ ಇಂಪಾಗಿದೆ ಎನಿಸಿ, ಕತ್ತೆತ್ತಿ ಊಳಿಟ್ಟಿತು. ಪೊದೆಯಲ್ಲಿ ಮಲಗಿದ್ದ ಚಿರತೆಗೆ ಎಚ್ಚರವಾಯಿತು. ನರಿ ಓಡಲು ಹೋಗಿ ಮುಗ್ಗರಿಸಿ ಚಿರತೆಯ ಬಾಯಿಗೆ ಬಿತ್ತು. ಅದರ ಹಾಡು ಅರ್ಧಕ್ಕೇ ನಿಂತಿತು.

ಪಿಕಳಾರ ಮತ್ತೆ ಸಭೆ ಕರೆಯಿತು. "ಈ ವರ್ಷ ನನ್ನಲ್ಲಿ ಹೊಸ ಹಾಡಿಲ್ಲ. ಅದನ್ನು ಹೇಳಲು ನಾಚಿ ಕುಡಿದೆ. ಈಗ ಕುಡಿದದ್ದಕ್ಕೆ ನಾಚುತ್ತಿದ್ದೇನೆ. ಗುರುಗಳೇ, ತಪ್ಪಾಯಿತು."

ಕಾಜಾಣ ಹಾರಿ ಬಂದು ಅದರ ಪಕ್ಕ ಕುಳಿತುಕೊಂಡಿತು. "ಹಳೆಯದನ್ನೇ ಹಾಡು," ಎಂದಿತು.

ಪಿಕಳಾರ ಹಾಡಿತು. ತಲೆ ಎತ್ತಲಿಲ್ಲ. ಆದರೆ ಒಂದು ಸ್ವರವೂ ತಪ್ಪಲಿಲ್ಲ.

ನೀತಿ: ಅಮಲು ಒಳ್ಳೆಯ ಹಾಡನ್ನು ಕೊಡುವುದಿಲ್ಲ, ಕೆಟ್ಟ ಹಾಡನ್ನೇ ಒಳ್ಳೆಯದೆಂದು ನಂಬಿಸುತ್ತದೆ.