ಫಕೀರವ್ವ ಹಿಡಿದ ಬಿಳಿ ಸೆರಗು

ಇನ್ನಷ್ಟು ಹತ್ತಿರ ಸರಿದು ಕೂತುಕೊಳ್ಳಿ. ಇದು ಗಟ್ಟಿಯಾಗಿ ಓದುವ ಪ್ರಸಂಗವಲ್ಲ. ಹಾಲಯ್ಯಜ್ಜನವರ ಭಕ್ತರಾದವರು ಮನಸ್ಸಿನಲ್ಲೇ ಓದಿ, ಕಣ್ಣಿಗೊತ್ತಿಕೊಂಡು, ದೇವರ ಜಗಲಿಯ ಮೇಲೆ ಇಟ್ಟುಬಿಡಬೇಕು. ಬಾವಿಕಟ್ಟೆಯ ಹತ್ತಿರ ಇದರ ಸುದ್ದಿ ಎತ್ತಬಾರದು. ಫಕೀರವ್ವನ ಮೊಮ್ಮಕ್ಕಳು ಇನ್ನೂ ಅದೇ ಓಣಿಯಲ್ಲಿದ್ದಾರೆ. ಬಾಯಿ ಥೇಟ್ ಅಜ್ಜಿಯದೇ.

ಕಲ್ಲಗನೂರಿನ ಉತ್ತರಕ್ಕೆ ಬರೀ ಬಂಡೆಗಳ ಗುಡ್ಡ. ಅದರ ನಡುವೆ ಎರಡು ಬಂಡೆಗಳು ತಲೆಗೆ ತಲೆ ಕೊಟ್ಟು ನಿಂತ ಸಂದಿಯಲ್ಲಿ ಪೂಜ್ಯ ಶ್ರೀ ಹಾಲಯ್ಯಜ್ಜನವರು ಮೂವತ್ತು ವರ್ಷ ವಾಸವಾಗಿದ್ದರು. ಮಠವೆಂದರೆ ಅಷ್ಟೇ. ಒಂದು ಕಂಬಳಿ, ಒಂದು ತಂಬಿಗೆ, ಪೂಜೆಯ ಬಟ್ಟಲು. ಕದವೂ ಇರಲಿಲ್ಲ. ಕದವೇ ಇಲ್ಲದ ಮನೆಯ ಒಳಗೆ ಏನೋ ಮುಚ್ಚಿಟ್ಟಿದ್ದಾರೆ ಎಂದು ಊರು ನಂಬಿತಲ್ಲ, ಅದನ್ನು ಹೇಳುತ್ತೇನೆ.

ಅಜ್ಜನವರು ಪ್ರವಚನ ಮಾಡುತ್ತಿರಲಿಲ್ಲ, ತಾಯತ ಕಟ್ಟುತ್ತಿರಲಿಲ್ಲ. ಹೊತ್ತು ಇಳಿಯುತ್ತಲೇ ಪೂಜೆ ಮುಗಿಸಿ, ಹೊರಗಿನ ಚಪ್ಪಟೆ ಕಲ್ಲಿನ ಮೇಲೆ ಅಲುಗಾಡದೆ ಕೂತು ಗುಡ್ಡದ ಜೀವಿಗಳನ್ನು ನೋಡುತ್ತಿದ್ದರು. ಅದೇ ಅವರ ಅನುಷ್ಠಾನ. ಮುಂಗಾರಿನ ಮಿರಗದ ಮಳೆ ಬಿದ್ದ ಮರುದಿನ ಕಪ್ಪೆಗಳ ಮದುವೆ ನೋಡುವರು. ಶ್ರಾವಣದಲ್ಲಿ ನವಿಲು. ಸೀಗಿ ಹುಣ್ಣಿವೆಯ ಹೊತ್ತಿಗೆ ಜೋಳದ ಹೊಲದ ಅಂಚಿನ ಗೀಜಗ. ಬನದ ಹುಣ್ಣಿವೆಯ ಚಳಿಯಲ್ಲಿ ಬಿಸಿಲು ಕಾಯಿಸುತ್ತ ಬಂಡೆಗೆ ಅಂಟಿಕೊಂಡ ಉಡ, ಮರಿಗಳನ್ನು ಬೆನ್ನಿಗೆ ಏರಿಸಿಕೊಂಡು ಬಾರಿ ಹಣ್ಣಿಗೆ ಬರುವ ಕರಡಿ. ಬೇಸಿಗೆ ಬಂತೆಂದರೆ ತರಕರಡಿ. ನಾಯಿಯಷ್ಟು ಎತ್ತರವೂ ಇಲ್ಲದ, ಕೆಳಗೆ ಕರ್ರಗೆ, ತಲೆಯಿಂದ ಬಾಲದವರೆಗೆ ಮೇಲೆಲ್ಲ ಬೆಳ್ಳಗಿರುವ ಆ ಪ್ರಾಣಿ ಬಂಡೆಸಂದಿಯ ಜೇನು ಕಿತ್ತು ತಿನ್ನಲು ಬರುತ್ತಿತ್ತು. ಜೇನುಹುಳಗಳು ಮುತ್ತಿದರೂ ಅದಕ್ಕೆ ಪರಿವೆ ಇಲ್ಲ. ಅಜ್ಜನವರಿಗೆ ಅದನ್ನು ಕಂಡರೆ ಬಲು ಪ್ರೀತಿ. ಆದರೆ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ತರಕರಡಿ ಹೂತ ಹೆಣ ಕೆದರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಕಂಡಲ್ಲಿ ಬಡಿದು ಹಾಕುವವರು ಇದ್ದರು.

ಈಗ ಊರೊಳಗೆ ಬನ್ನಿ. ಅಜ್ಜನವರಿಗೆ ರೊಟ್ಟಿ ಮುಟ್ಟಿಸಲು ಏಳು ಮನೆಗಳ ಪಾಳಿ ಇತ್ತು, ದಿನಕ್ಕೆ ಒಂದೊಂದು ಮನೆ. ಪಾಳಿಯ ಮನೆ ಎಂದರೆ ಮರ್ಯಾದೆಯ ಮನೆ. ಅಂಥ ಮನೆಯ ಹುಡುಗಿಗೆ ವರ ತಾನಾಗಿ ಹುಡುಕಿಕೊಂಡು ಬರುತ್ತಿತ್ತು. ಪಾಳಿ ತಪ್ಪಿಸಿದರೋ, ಆ ಮನೆಯ ಹೊಸ್ತಿಲು ಯಾರೂ ತುಳಿಯುತ್ತಿರಲಿಲ್ಲ. ಗುರುವಾರದ ಪಾಳಿ ಬಾಳವ್ವನದು. ಗಂಡ ಸತ್ತ ಮೇಲೆ ಬಿಳಿ ಸೀರೆ ಉಟ್ಟುಕೊಂಡು, ನಾಲ್ಕು ಎಕರೆ ಒಣಭೂಮಿ ತಾನೇ ನೋಡಿಕೊಂಡು, ಒಬ್ಬಳೇ ಮಗಳು ಈರಮ್ಮನನ್ನು ಸಾಕಿದ ಹೆಂಗಸು. ಅವಳ ಗೋಡೆಗೆ ಗೋಡೆ ಹಚ್ಚಿದ ಮನೆ ಫಕೀರವ್ವನದು. ಫಕೀರವ್ವನಿಗೆ ಪಾಳಿ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅವಳು ಪ್ರತಿ ಗುರುವಾರ ಬಾಳವ್ವನ ಒಲೆಯಲ್ಲಿ ಬೇಯುವ ರೊಟ್ಟಿಯ ವಾಸನೆ ಕುಡಿದು ಹೊಟ್ಟೆ ಉರಿಸಿಕೊಂಡಿದ್ದಳು. ಹೊರಗೆ ತೋರಿಸಿದ್ದಿಲ್ಲ. ಬಾಳವ್ವ ಎದುರಾದರೆ "ನಿನ್ನ ಪುಣ್ಯ ದೊಡ್ಡದವ್ವಾ" ಎನ್ನುತ್ತಿದ್ದಳು.

ಆ ವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಫಕೀರವ್ವ ಮಾಳಿಗೆ ಮೇಲೆ ಹರವಿದ್ದ ಶಾವಿಗೆ ಬಾಚಿ ತೆಗೆಯುತ್ತಿದ್ದಳು. ತಲೆ ಎತ್ತಿದರೆ ಗುಡ್ಡದಲ್ಲಿ ಬೆಳ್ಳಗಿನದೊಂದು ಬಾಗಿ ಬಾಗಿ ಹೋಗುತ್ತಿದೆ. ಹುಲ್ಲಿನ ಮರೆಯಲ್ಲಿ ಸರಿದು, ಅಜ್ಜನವರ ಬಂಡೆಯ ಹಿಂದೆ ಮಾಯವಾಯಿತು. ಮರುದಿನವೂ ಅದೇ. ಮೂರನೆಯ ದಿನವೂ ಅದೇ. ಸೂಜಿಗೆ ದಾರ ಹಾಕಲು ಮೊಮ್ಮಗಳನ್ನು ಕರೆಯುವ ಫಕೀರವ್ವನಿಗೆ ಅರ್ಧ ಮೈಲಿ ದೂರದ ಬಿಳಿ ಸೀರೆ ಮಾತ್ರ ಸ್ಪಷ್ಟವಾಗಿ ಕಂಡಿತು. ಆ ಹೊತ್ತಿನಲ್ಲೇ ಪಕ್ಕದ ಮನೆಯಿಂದ ಬೀಸುವ ಕಲ್ಲಿನ ಸದ್ದೂ ಬರುತ್ತಿತ್ತು, ಬಾಳವ್ವನ ಹಾಡೂ ಬರುತ್ತಿತ್ತು. ಫಕೀರವ್ವ ಒಂದು ಗಳಿಗೆ ಕಿವಿಗೊಟ್ಟು ಕೇಳಿದಳು. ಆಮೇಲೆ, ಬೀಸುವವಳು ಮಗಳು ಇರಬೇಕು, ತಾಯಿಯ ದನಿ ಮಗಳಿಗೆ ಬಂದಿರಬೇಕು ಎಂದು ತೀರ್ಮಾನ ಮಾಡಿದಳು. ಇಪ್ಪತ್ತು ವರ್ಷ ಕಾದವಳು ಒಂದು ಬೀಸುವ ಕಲ್ಲಿಗೆ ಹೆದರಿ ಹಿಂದೆ ಸರಿಯುತ್ತಾಳೆಯೇ?

ಬಾಳವ್ವ ಸಂಜೆಗತ್ತಲಲ್ಲಿ ಅಜ್ಜನವರ ಬಂಡೆಗೆ ಹೋಗುತ್ತಾಳೆ ಎಂದು ಅವಳು ಹೇಳಿದ್ದು ಒಬ್ಬಳಿಗೇ. "ನನ್ನ ಹೆಸರು ಹೇಳಬ್ಯಾಡ ಮತ್ತ" ಎಂದು ಆಣೆ ಹಾಕಿಸಿ ಹೇಳಿದಳು. ಹೀಗೆ ಒಬ್ಬೊಬ್ಬಳಿಗೇ ಆಣೆ ಹಾಕಿಸುತ್ತ ಹದಿನೇಳು ಮನೆ ಮುಗಿಸಿದಳು. ಎರಡು ದಿನದಲ್ಲಿ ಮಾತು ಮಠದ ಹಿರಿಯರಾದ ವೀರನಗೌಡರ ಪಡಸಾಲೆ ಮುಟ್ಟಿತು. ಗೌಡರು ಅಜ್ಜನವರನ್ನು ಕೇಳುವ ಧೈರ್ಯ ಮಾಡಲಿಲ್ಲ. ಬಾಳವ್ವನಿಗೆ "ಸದ್ಯಕ್ಕ ನಿನ್ನ ಪಾಳಿ ನಿಲ್ಲಲಿ" ಎಂದು ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ. ಎರಡು ಗುರುವಾರ ಅಜ್ಜನವರಿಗೆ ರೊಟ್ಟಿ ಬರಲಿಲ್ಲ. ಅವರು ತಂಬಿಗೆ ನೀರು ಕುಡಿದು ತರಕರಡಿ ನೋಡುತ್ತ ಕೂತರು.

ಈರಮ್ಮನ ನಿಶ್ಚಯ ಮುಂದಿನ ಸೋಮವಾರಕ್ಕಿತ್ತು. ಪಾಳಿ ನಿಂತ ಸುದ್ದಿ ಹುಲ್ಲೂರಿನ ಬೀಗರ ಕಿವಿಗೆ ಬಿದ್ದದ್ದೇ ತಡ, ವರನ ಸೋದರತ್ತೆ ಕೊಟ್ರವ್ವ ಒಬ್ಬಳೇ ಬಂಡಿ ಹತ್ತಿ ಬಂದಿಳಿದಳು. ಬಾಳವ್ವ ಬಾಗಿಲಲ್ಲಿ ನಿಂತು, "ಯಾಕ ನಿಲ್ಲಿಸ್ಯಾರ ನನಗ ಗೊತ್ತಿಲ್ಲರೀ ಅಕ್ಕಾರ. ಗೊತ್ತಿದ್ದವರು ನನ್ನ ಮುಂದ ಹೇಳವಲ್ಲರು" ಎಂದಳು. ಕೊಟ್ರವ್ವ ನೀರೂ ಕುಡಿಯದೆ ಹೊರಬಿದ್ದಳು. ಕಾರಣ ಸಿಗದಿದ್ದರೆ ಸಂಬಂಧ ಮುರಿದಂತೆಯೇ.

ಪಕ್ಕದ ಬಾಗಿಲಲ್ಲಿ ಫಕೀರವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು.

"ನಾ ಹೇಳೂದಿಲ್ಲವ್ವಾ. ನನ್ನ ನಾಲಿಗಿಗ್ಯಾಕ ಆ ಹೊಲಸು."

"ಹೇಳಬ್ಯಾಡ, ತೋರಸು" ಎಂದಳು ಕೊಟ್ರವ್ವ. "ಹೇಳಿದ್ದನ್ನ ನಂಬಿ ನಮ್ಮ ಹಿರೇ ಹುಡುಗನ ಲಗ್ನ ಮಾಡಿ ಕೆಟ್ಟೀವಿ. ಈ ಸಲ ನಾ ಕಣ್ಣಾರೆ ನೋಡಬೇಕು."

ಅಂದು ಗುರುವಾರ. ಹೊತ್ತು ಇಳಿಯುವ ವೇಳೆಗೆ ಇಬ್ಬರೂ ಗುಡ್ಡ ಹತ್ತಿ, ಕಳ್ಳಿ ಪೊದೆಯ ಹಿಂದೆ ಕುಕ್ಕುರುಗಾಲಲ್ಲಿ ಕೂತರು. ಮುಂದೆ ಮೊಣಕಾಲೆತ್ತರದ ಹುಲ್ಲು, ಅದರಾಚೆ ಚಪ್ಪಟೆ ಕಲ್ಲಿನ ಮೇಲೆ ಪೂಜ್ಯರು ಆಸೀನರಾಗಿದ್ದರು. ಬೆನ್ನು ನೆಟ್ಟಗೆ, ಕಣ್ಣು ಬಂಡೆಸಂದಿಯ ಕಡೆಗೆ.

"ಕಾಯಾಕತ್ತಾರ ನೋಡು" ಎಂದು ಫಕೀರವ್ವ ಪಿಸುಗುಟ್ಟಿದಳು.

"ಜಪ ಮಾಡ್ತಿರಬೇಕು."

"ಜಪಕ್ಕ ಕಣ್ಣು ಮುಚ್ಚತಾರವ್ವಾ. ಇವರು ತೆರದಾರ."

ಅಷ್ಟರಲ್ಲಿ ಹುಲ್ಲು ಸರಬರ ಎಂದಿತು. ಹುಲ್ಲಿನ ನಡುವೆ ಬೆಳ್ಳಗೊಂದು ಬೆನ್ನು, ನೆಲಕ್ಕೆ ಹತ್ತಿಕೊಂಡು ಮುಂದೆ ಮುಂದೆ ಸಾಗಿತು. ಪೂಜ್ಯರ ಮುಖದಲ್ಲಿ ನಗು ಮೂಡಿತು. ಆ ನಗು ಕಂಡ ಮೇಲೆ ಫಕೀರವ್ವನನ್ನು ಹಿಡಿಯುವವರು ಯಾರು? ಮಂಡಿಯೂರಿ ತೆವಳಾಕತ್ತಾಳ ಕಳ್ಳಿ ಎಂದುಕೊಂಡವಳೇ, ಅರವತ್ತೆರಡರ ಮೊಣಕಾಲನ್ನು ಮರೆತು ಓಡಿ, ಎರಡೂ ಕೈಯಿಂದ ಬಿಳಿ ಸೆರಗನ್ನು ಬಾಚಿ ಹಿಡಿದಳು.

ಸೆರಗಿನಲ್ಲಿ ಕೂದಲಿತ್ತು.

ತರಕರಡಿಯ ತೊಗಲು ದೊಗಲೆ ಅಂಗಿಯ ಹಾಗೆ ಸಡಿಲ. ಬೆನ್ನು ಹಿಡಿದರೂ ಅದು ತೊಗಲಿನೊಳಗೇ ತಿರುಗಿ ಹಿಡಿದವರ ಮುಖ ನೋಡಬಲ್ಲದು. ಹಾಗೆಯೇ ತಿರುಗಿ, ಹಲ್ಲು ಕಿಸಿದು, ಫಕೀರವ್ವನನ್ನು ನೋಡಿತು. ಜೀವಮಾನದಲ್ಲಿ ಮೊದಲ ಸಲ ಅವಳ ಬಾಯಿಂದ ಮಾತು ಹೊರಡಲಿಲ್ಲ. ಕೈ ಬಿಡಬೇಕೆಂಬುದೂ ತಿಳಿಯಲಿಲ್ಲ.

"ಬಿಡವ್ವಾ" ಎಂದರು ಪೂಜ್ಯರು. ದನಿ ಏರಿಸಲಿಲ್ಲ. "ಅದಕ್ಕ ಮರಿ ಐತಿ."

ಅವಳು ಬಿಟ್ಟಳು. ಪ್ರಾಣಿ ಕಚ್ಚಲಿಲ್ಲ, ಅದು ಅಜ್ಜನವರ ಪುಣ್ಯವೆಂದೇ ಇಂದಿಗೂ ಎಲ್ಲರೂ ನಂಬುತ್ತಾರೆ. ಬಾಲ ಎತ್ತಿ, ತನ್ನ ಬಳಿ ಇದ್ದದ್ದನ್ನು ಅವಳಿಗೆ ಪ್ರಸಾದಿಸಿ, ಅವಸರವಿಲ್ಲದೆ ಹುಲ್ಲಿನೊಳಗೆ ಹೊರಟುಹೋಯಿತು. ಹಿಂದೆಯೇ ಬೆಕ್ಕಿನಷ್ಟು ಮರಿಯೊಂದು ಕುಪ್ಪಳಿಸಿತು. ಆ ನಾತದ ವರ್ಣನೆ ಬರೆಯಬಾರದು, ಆದರೂ ಬರೆಯುತ್ತೇನೆ. ಸತ್ತ ಹೆಗ್ಗಣ, ಕೊಳೆತ ಉಳ್ಳಾಗಡ್ಡಿ, ವಾರದ ಕಲಗಚ್ಚು, ಮೂರನ್ನೂ ಒಂದೇ ಗಡಿಗೆಯಲ್ಲಿ ಕುದಿಸಿ ಸೀರೆ ಕುಪ್ಪಸ ಕೂದಲಿಗೆಲ್ಲ ಸುರಿದ ಹಾಗೆ.

ಕೊಟ್ರವ್ವ ಕಳ್ಳಿಯ ಹಿಂದಿನಿಂದ ಎದ್ದು ಬಂದಳು. ಮೂಗು ಮುಚ್ಚಿಕೊಂಡಿದ್ದಳು, ನಗು ಮುಚ್ಚಲಾಗಿರಲಿಲ್ಲ. ಹತ್ತು ಮಾರು ದೂರದಿಂದಲೇ ಪೂಜ್ಯರಿಗೆ ಅಡ್ಡಬಿದ್ದಳು.

ಪೂಜ್ಯರು ಕೇಳಿದರು: "ಬಾಳವ್ವಗ ಜ್ವರ ಏನು? ಎರಡು ವಾರ ಆತು, ಕಾಣವಲ್ಲಳು. ಇವತ್ತೂ ಬಂದಿಲ್ಲ."

ಕೊಟ್ರವ್ವ ಎಲ್ಲವನ್ನೂ ಹೇಳಿದಳು. ಬಿಳಿ ಸೀರೆ, ಪಾಳಿ, ಸೋಮವಾರದ ನಿಶ್ಚಯ, ಒಂದೂ ಬಿಡಲಿಲ್ಲ. ತಮ್ಮ ಮೇಲೆ ಬಂದ ಮಾತಿಗೆ ಪೂಜ್ಯರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಈರಮ್ಮನ ಹೆಸರು ಬಂದಾಗ ಮಾತ್ರ ಕಣ್ಣು ಮುಚ್ಚಿ ತೆರೆದರು.

ಫಕೀರವ್ವ ಕಲ್ಲಿನ ಬುಡದಲ್ಲಿ ಕುಸಿದಿದ್ದಳು. "ತಪ್ಪಾತ್ರಿ ಅಜ್ಜಾರ. ದೂರದಿಂದ ನೋಡಿದೆ. ಹೆಣ ಕೆದರೋ ಪ್ರಾಣಿ ಅಂತ ನನಗೇನ ಗೊತ್ತು."

"ಮೂವತ್ತು ವರ್ಷ ನೋಡೀನಿ" ಎಂದರು ಪೂಜ್ಯರು. "ಅದು ಹೆಣ ಕೆದರಿದ್ದು ಕಂಡಿಲ್ಲ. ಜೀವ ಇದ್ದವರನ್ನ ಕೆದರೋರನ್ನ ಈಗ ಕಂಡೆ."

ಫಕೀರವ್ವ ಮುಖ ಮುಚ್ಚಿಕೊಳ್ಳಲು ಸೆರಗು ಎತ್ತಿದಳು, ನಾತಕ್ಕೆ ಕೆಳಗೆ ಬಿಟ್ಟಳು.

"ಎಷ್ಟು ಮನಿಗೆ ಹೇಳಿದಿ?"

"ಹದಿನೇಳು."

"ಹದಿನೇಳಕ್ಕೂ ಹೋಗು. ಏನು ಹಿಡಿದೆ ಅಂತ ಹೇಳು. ಮೈ ತೊಳಿಯೋದಕ್ಕ ಮೊದಲ ಹೋಗು."

ಅಷ್ಟು ಹೇಳಿ ಪೂಜ್ಯರು ಮತ್ತೆ ಬಂಡೆಸಂದಿಯ ಕಡೆ ತಿರುಗಿದರು. ಗುರುವಾಕ್ಯ, ಮೀರುವಂತಿಲ್ಲ.

ಆ ಸಂಜೆ ಕಲ್ಲಗನೂರಿನಲ್ಲಿ ಫಕೀರವ್ವನಿಗಿಂತ ಮೊದಲು ಅವಳ ನಾತ ಓಣಿ ಹೊಕ್ಕಿತು. ಎಮ್ಮೆಗಳು ಗೂಟ ಕಿತ್ತವು. ಮೊದಲ ಮನೆಯವಳು ಅಗಳಿ ತೆಗೆದು, ನೋಡಿ, ಅಗಳಿ ಹಾಕಿದಳು. ಫಕೀರವ್ವ ಕಿಟಕಿಯಿಂದಲೇ ಹೇಳಿದಳು: "ನಾ ಕಂಡದ್ದು ಬಾಳವ್ವ ಅಲ್ಲ. ತರಕರಡಿ. ನಾ ಸುಳ್ಳು ಹೇಳಿದೆ." ಏಳನೆಯ ಮನೆಯಲ್ಲಿ ಒಬ್ಬಳು ತುಂಬಾ ಕನಿಕರದಿಂದ, "ಇಷ್ಟ ಹೇಳಾಕ ಬಂದಿ? ನಾಳೆ ಬಂದಿದ್ರ ಆಗ್ತಿರಲಿಲ್ಲೇನು ನಮ್ಮವ್ವಾ" ಎಂದು ಕೇಳಿ ಒಳಗೆ ಓಡಿದಳು. ಹತ್ತನೆಯ ಮನೆಯಿಂದ ಮುಂದೆ ಎಲ್ಲರೂ ಮೊದಲೇ ಹೊರಗೆ ಬಂದು ಕಾಯುತ್ತ ನಿಂತಿದ್ದರು. ಅವಳ ಬದುಕಿನಲ್ಲಿ ಅಷ್ಟು ಜನ ಒಟ್ಟಿಗೆ ಅವಳ ಮಾತು ಕೇಳಿದ್ದು ಅದೇ ಮೊದಲು. ಸುಖಪಡುವ ಹಾಗಿರಲಿಲ್ಲ.

ವೀರನಗೌಡರು ಪಡಸಾಲೆಯಿಂದಲೇ ಕೈ ಬೀಸಿದರು. "ತಿಳೀತು, ತಿಳೀತು. ಅಲ್ಲೇ ನಿಲ್ಲು. ಬಾಳವ್ವನ ಪಾಳಿ ಇವತ್ತಿಂದ ಮತ್ತ ಶುರು. ಇನ್ನು ನಡಿ."

ಅವರ ಆಳೊಬ್ಬ ಬಡಿಗೆ ಎತ್ತಿಕೊಂಡ. "ಹೆಣ ಕೆದರೋದು ಗುಡ್ಡದಾಗ ಐತೆಂದ್ರ ಹೋಗಿ ಬಡಿದು ಬರ್ತೀನ್ರಿ ಗೌಡ್ರ."

ಹೋಗುತ್ತಿದ್ದ ಫಕೀರವ್ವ ತಿರುಗಿ ಬಂದಳು. ಅವನ ಎದೆಗೆ ಒಂದು ಗೇಣಿನಷ್ಟು ಹತ್ತಿರ ನಿಂತಳು. "ನೀ ನೋಡಿಯೇನು ಕೆದರಿದ್ದು? ಕಣ್ಣಾರೆ? ಇಲ್ಲಲ್ಲ, ಹಂಗಾರ ಕೆಳಗಿಡು ಬಡಿಗಿ. ಅಜ್ಜಾರು ಮೂವತ್ತು ವರ್ಷ ನೋಡ್ಯಾರ, ಅವರು ಕಂಡಿಲ್ಲ." ಆಳಿನ ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪದಿಂದಲೋ ನಾತದಿಂದಲೋ, ಬಡಿಗೆಯಂತೂ ಕೆಳಗೆ ಬಿತ್ತು.

ಆಮೇಲಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲ ಬರುವ ಮೊದಲೇ ಫಕೀರವ್ವ ದಿನಾ ಸಂಜೆ ಗುಡ್ಡಕ್ಕೆ ಹೋಗಿ ಪೂಜ್ಯರ ಕಲ್ಲಿನಿಂದ ನಾಲ್ಕು ಮಾರು ದೂರದಲ್ಲಿ ಕೂರತೊಡಗಿದಳು. ಅಜ್ಜನವರು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ವರ್ಷ ಪೂರ್ತಿ ನೋಡಿದಳು. ನಾಲಿಗೆ ಸುಮ್ಮನಾಯಿತೆಂದು ತಿಳಿಯಬೇಡಿ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಟ್ಟು ಹಾಡುತ್ತ ತಿರುಗುವುದು, ಗೀಜಗದ ಗಂಡು ಗೂಡು ಕಟ್ಟಿದರೆ ಹೆಣ್ಣು ಬಂದು ಜಗ್ಗಿ ನೋಡಿ ಬೇಡವೆಂದು ಹೋಗುವುದು, ಮುಂಗುಸಿ ಸಂಸಾರದ ಜಗಳ, ಎಲ್ಲವನ್ನೂ ಬಾವಿಕಟ್ಟೆಯಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದಳು. ಹೆಂಗಸರು ಕೊಡ ತುಂಬಿದ್ದು ಮರೆತು ಕೇಳುತ್ತಿದ್ದರು. ಯಾರಾದರೂ "ಖರೆ ಏನು?" ಎಂದರೆ, "ನಾ ನಾಕು ಮಾರು ದೂರದಾಗ ಕುಂತಿದ್ದೆ" ಎನ್ನುತ್ತಿದ್ದಳು. ಅಷ್ಟರಮಟ್ಟಿಗೆ ಗುರುಕೃಪೆ.

ಆದರೆ ಆ ಗುರುವಾರ ಹದಿನೇಳು ಮನೆ ಮುಗಿದ ಮೇಲೆ ಒಂದು ಬಾಗಿಲು ಉಳಿದಿತ್ತು. ಆ ಮನೆಗೆ ಅವಳು ಏನೂ ಹೇಳಿರಲಿಲ್ಲ. ಹೇಳಿದ್ದೆಲ್ಲ ಆ ಮನೆಯದೇ. ಪೂಜ್ಯರ ಲೆಕ್ಕದಲ್ಲಿ ಅದು ಇರಲಿಲ್ಲ, ಅವಳು ತನ್ನ ಹೊಸ್ತಿಲು ದಾಟಿ ಒಳಗೆ ಹೋಗಬಹುದಿತ್ತು. ಕಾಲು ಹೋಗಲಿಲ್ಲ. ಬಾಳವ್ವನ ಬಾಗಿಲು ತೆರೆದೇ ಇತ್ತು. ಒಳಗೆ ದೀಪದ ಬೆಳಕಲ್ಲಿ ಕೊಟ್ರವ್ವ ಈರಮ್ಮನ ತಲೆಗೆ ಹೂ ಮುಡಿಸುತ್ತಿದ್ದಳು. ಗುಡ್ಡದಿಂದ ಇಳಿದವಳು ನೇರ ಅಲ್ಲಿಗೇ ಬಂದಿದ್ದಳು. ಸೋಮವಾರದ ಮಾತು ಗಟ್ಟಿಯಾಗಿತ್ತು.

ಫಕೀರವ್ವ ಅಂಗಳದಲ್ಲಿ ನಿಂತಳು. ಬಾಳವ್ವ ಹೊರಗೆ ಬಂದಳು. ಮೂಗು ಮುಚ್ಚಿಕೊಳ್ಳದೆ ಬಂದದ್ದು ಊರಲ್ಲಿ ಅವಳೊಬ್ಬಳೇ. ಮೇಲಿಂದ ಕೆಳಗೆ ನೋಡಿದಳು. ಫಕೀರವ್ವ ಕಾಲು ಹಿಡಿಯಲು ಬಾಗಿ, "ಬಾಳವ್ವಾ, ನಾನು..." ಎಂದು ಶುರು ಮಾಡಿದಳು. ಬಾಳವ್ವ ರೆಟ್ಟೆ ಹಿಡಿದು ಎತ್ತಿ, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ನೀರು ಕಾದಾವ, ಸೀಗೆಕಾಯಿನೂ ಅರದೀನಿ. ಹಿತ್ತಲಕ್ಕ ಬಾ, ಬೆನ್ನು ನಾನ ತಿಕ್ತೀನಿ. ಬಾಯಿ ಮಾತ್ರ ಮುಚ್ಚಿಕೊಂಡು ಕೂಡು. ನಾತ ಅಲ್ಲಿಂದನ ಬರಾಕತ್ತೈತಿ."